ಕಣ್ಣು ಬಿದ್ದಿದ್ದಲ್ಲ, ಕರುಳುಬೇನೆ

ನಮ್ಮದು ಶಹಾಪುರ ತಾಲೂಕಿನ ಹಳ್ಳಿ. ದಡ್ಡಿಯಲ್ಲಿ 40 ಕುರಿ, 6 ಆಡು. ಎರಡು ವರ್ಷದ ಹಿಂದೆ ಮಿರಗದ ಮಳೆ ಜೋರಾಗಿ ಬಿದ್ದು ಬದುವೆಲ್ಲ ಹಸಿರಾಯಿತು. ವಾರದೊಳಗೆ 4 ಮರಿ ಸತ್ತವು. ಸಂಜೆ ಮೊಲೆ ಕುಡಿದು ಜಿಗಿದಾಡಿದ ಮರಿ ನಸುಕಿನಲ್ಲಿ ಕುತ್ತಿಗೆ ಹಿಂದಕ್ಕೆ ಸೆಟೆದು ಬಿದ್ದಿರುತ್ತಿತ್ತು. ಅದೂ ಬಡಕಲು ಮರಿಯಲ್ಲ, ಸಂತೆಗೆ ಒಯ್ದರೆ ನಾಲ್ಕು ಮಂದಿ ತಿರುಗಿ ನೋಡುವಂಥವು.

"ಕಣ್ಣು ಬಿದ್ದದ ತಮ್ಮಾ, ಕರಿ ದಾರ ಕಟ್ಟು" ಅಂದ ಕಾಕಾ. ಕಟ್ಟಿದೆ. ಮರುದಿನ ದಾರದ ಸಮೇತ ಐದನೆಯದೂ ಹೋಯಿತು.

ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ದನದ ದವಾಖಾನಿಗೆ ಓಡಿದೆ. ಡಾಕ್ಟರು ಹೊಟ್ಟೆ ಕೊಯ್ದು ಮೂತ್ರಪಿಂಡ ತೆಗೆದು ತೋರಿಸಿದರು. ಬೆರಳಿಂದ ಒತ್ತಿದರೆ ಹಾಲಲ್ಲಿ ನೆನೆದ ರೊಟ್ಟಿಯ ಹಾಗೆ ಕುಸಿಯಿತು.

"ಕರುಳುಬೇನೆ ಇದು. ರೋಗಾಣು ಕುರಿ ಕರುಳಾಗ ಮೊದ್ಲೇ ಇರ್ತದ. ಹಾಲು, ಎಳೆ ಹುಲ್ಲು, ಕಾಳು ಒಮ್ಮೆಲೇ ಜಾಸ್ತಿ ಆದ್ರ ಅದು ಬೆಳದು ವಿಷ ಬಿಡ್ತದ. ಅದಕ್ಕ ಚಲೋ ಮೇಯೋ ಮರಿನೇ ಮೊದ್ಲು ಹೋಗೋದು."

"ಲಸಿಕಿ ಹಾಕ್ಸೀನಲ್ರೀ ಸಾಹೇಬ್ರ?"

"ಬಾಟ್ಲಿ ಎಲ್ಲಿಟ್ಟಿದ್ದಿ?"

ಕಿರಾಣಿ ಅಂಗಡಿಯ ಐಸ್‌ಕ್ರೀಮ್ ಪೆಟ್ಟಿಗೆಯಲ್ಲಿ! ಪಿಪಿಆರ್ (ಕುರಿ-ಆಡಿಗೆ ಬರುವ ಪ್ಲೇಗಿನಂಥ ಅಂಟುರೋಗ) ಲಸಿಕೆಯನ್ನೂ ಕರುಳುಬೇನೆಯದನ್ನೂ ಒಟ್ಟಿಗೆ ಇಟ್ಟು, ತಂಪಿದ್ದಷ್ಟು ಒಳ್ಳೆಯದು ಅಂದುಕೊಂಡಿದ್ದೆ. ಪಿಪಿಆರ್‌ದು ಒಣಪುಡಿ, ಹೆಪ್ಪುಗಟ್ಟಿಸಿದರೂ ತಡೆಯುತ್ತದೆ. ಕರುಳುಬೇನೆಯದು ನೀರು ಲಸಿಕೆ, ಒಮ್ಮೆ ಗಡ್ಡೆಕಟ್ಟಿತೆಂದರೆ ಕೆಟ್ಟಿತು. ಅದರ ಮೇಲೆ ನಾನು ಹಾಕಿಸಿದ್ದು ಒಂದೇ ಸಲ. ಮೊದಲ ವರ್ಷ ಎರಡನೇ ಸೂಜಿ ಬೇಕೇಬೇಕು.

ಸತ್ತ ಮರಿಯ ಮಾಂಸ ಅಗ್ಗಕ್ಕೆ ಕೇಳಿಕೊಂಡು ಇಬ್ಬರು ಬಂದಿದ್ದರು. ಬೈದು ಕಳಿಸಿ, ಆಳವಾಗಿ ತೆಗ್ಗು ತೋಡಿ, ಸುಣ್ಣ ಸುರಿದು ಹೂತೆ.

ಈಗ ಏಪ್ರಿಲ್ ಕೊನೆಗೆ ಜಂತಿನ ಔಷಧಿ ಕುಡಿಸಿ, ಮೇ ಮೊದಲ ವಾರ ಕರುಳುಬೇನೆಯ ಮೊದಲ ಸೂಜಿ, ಹೊಸ ಮರಿಗಳಿಗೆ 21 ದಿನ ಬಿಟ್ಟು ಎರಡನೆಯದು. ಗಬ್ಬದ ಕುರಿಗೆ ಈಯುವ ತಿಂಗಳ ಮೊದಲು ಹಾಕಿಸಿದರೆ ಗಿಣ್ಣದ ಹಾಲಿನಿಂದಲೇ ಮರಿಗೆ ರಕ್ಷಣೆ ಸಿಗುತ್ತದೆ. ಬಾಟ್ಲಿಯನ್ನು ಥರ್ಮಾಸಿನಲ್ಲಿ ತರುತ್ತೇನೆ, ಐಸಿಗೆ ತಾಕದಂತೆ ಬಟ್ಟೆ ಸುತ್ತಿ. ಪಿಪಿಆರ್ ಒಮ್ಮೆ ಹಾಕಿಸಿದರೆ ಮೂರು ವರ್ಷ ಚಿಂತೆಯಿಲ್ಲ, ಆದರೆ ಪುಡಿ ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಉಳಿದರೆ ಚೆಲ್ಲುವುದೇ, ನಾಳೆಗೆ ಇಡುವಂತಿಲ್ಲ.

ಮಳೆ ಹಿಡಿದ ಮೊದಲ ಹದಿನೈದು ದಿನ ಹಿಂಡನ್ನು ಬರಿಹೊಟ್ಟೆಯಲ್ಲಿ ಹಸಿರಿಗೆ ಬಿಡುವುದಿಲ್ಲ. ಮುಂಜಾನೆ ಕಣಕಿ, ತೊಗರಿ ಹೊಟ್ಟು ತಿನ್ನಿಸಿ, ಬಿಸಿಲೇರಿದ ಮೇಲೆ ಮೇಯಲು ಹೊಡೆದುಕೊಂಡು ಹೋಗುತ್ತೇನೆ. ಹೋದ ವರ್ಷ ಈ ಬೇನೆಗೆ ಒಂದೂ ಮರಿ ಸಾಯಲಿಲ್ಲ. ಕಾಕಾ ಈಗಲೂ ದಾರ ಕಟ್ಟುತ್ತಾನೆ. ಸೂಜಿ ಹಾಕುವಾಗ ಕುರಿ ಹಿಡಿಯುವವನೂ ಅವನೇ.