ಔಷಧಿ ಅಂಗಡಿಯಲ್ಲಿ ತಪ್ಪು ಮಾತ್ರೆ ಕೈ ದಾಟದಂತೆ: ನನ್ನ ಅನುಭವ

ಔಷಧಿ ಅಂಗಡಿಯ ತಪ್ಪುಗಳು ಹೆಚ್ಚಾಗಿ ಹುಟ್ಟುವುದು ರ್ಯಾಕ್‌ನಲ್ಲಿ. ಬಿಪಿ ಮಾತ್ರೆ ಟೆಲ್ಮಿಸಾರ್ಟನ್ 40 ಎಂಜಿ, ಅದಕ್ಕೇ ಅಮ್ಲೋಡಿಪಿನ್ ಸೇರಿಸಿದ್ದು, ಹೈಡ್ರೋಕ್ಲೋರೋಥಯಾಜೈಡ್ ಸೇರಿಸಿದ್ದು, ಹೀಗೆ ಒಂದೇ ಕಂಪನಿಯ ಡಬ್ಬಿಗಳು ನೋಡಲು ಬಹುತೇಕ ಒಂದೇ ಥರ. ಹೆಸರಿನ ಕೊನೆಯ ಒಂದೆರಡು ಅಕ್ಷರ ಮಾತ್ರ ಬೇರೆ. ಅಕ್ಷರದ ಕ್ರಮದಲ್ಲಿ ಜೋಡಿಸಿದರೆ ಇವು ಪಕ್ಕಪಕ್ಕ ಕೂರುತ್ತವೆ, ಸಂಜೆ ರಶ್‌ನಲ್ಲಿ ಕೈ ಪಕ್ಕದ ಡಬ್ಬಿಗೆ ಹೋಗುತ್ತದೆ. ಮಂಡ್ಯದ ನಮ್ಮ ಅಂಗಡಿಯಲ್ಲಿ ಇಂಥವನ್ನು ಬೇಕೆಂದೇ ಬೇರೆ ಬೇರೆ ಸಾಲಿಗೆ ಹಾಕಿ, ಡಬ್ಬಿಯ ಮುಂದೆ ಹಳದಿ ಚೀಟಿ ಅಂಟಿಸಿದ್ದೇವೆ. ತೆಗೆದವರೊಬ್ಬರು, ಬಿಲ್ ಮಾಡುವವರು ಇನ್ನೊಬ್ಬರು. ಬಿಲ್ ಮಾಡುವವರು ಡಾಕ್ಟರ್ ಚೀಟಿಯನ್ನು ಮತ್ತೆ ಮೊದಲಿಂದ ಓದಬೇಕು, ತೆಗೆದವರ ಬಾಯಿಮಾತು ಕೇಳುವಂತಿಲ್ಲ.

ಸುತ್ತಲ ಹಳ್ಳಿಗಳಿಂದ ಬರುವ ಅನೇಕರು ಖಾಲಿ ಸ್ಟ್ರಿಪ್ ತೋರಿಸಿ "ಇದೇ ಕೊಡಣ್ಣ" ಅನ್ನುತ್ತಾರೆ. ಅದು ಪಕ್ಕದ ಮನೆಯವರದ್ದಾಗಿರಬಹುದು, ಡಾಕ್ಟರು ಆಮೇಲೆ ಡೋಸ್ ಬದಲಿಸಿರಬಹುದು. ಚೀಟಿ ತನ್ನಿ ಎಂದು ವಾಪಸ್ ಕಳಿಸಲು ಸಂಕಟವಾಗುತ್ತದೆ, ಆದರೂ ಕಳಿಸುತ್ತೇವೆ.

ಸ್ಟ್ರಿಪ್ ಕತ್ತರಿಸುವುದರಲ್ಲೂ ಒಂದು ಕ್ರಮ ಇದೆ. ಬ್ಯಾಚ್ ನಂಬರ್, ಎಕ್ಸ್‌ಪೈರಿ ಒಂದು ತುದಿಯಲ್ಲಷ್ಟೇ ಅಚ್ಚಾಗಿದ್ದರೆ, ಇನ್ನೊಂದು ತುದಿಯಿಂದ ಕತ್ತರಿಸಬೇಕು. ಆಗ ನಮ್ಮಲ್ಲಿ ಉಳಿಯುವ ತುಂಡಿಗೆ ಕೊನೆಯವರೆಗೂ ತಾರೀಖು ಇರುತ್ತದೆ. ಕತ್ತರಿಸಿ ಕೊಟ್ಟ ಮಾತ್ರೆಯ ಕವರ್ ಮೇಲೆ ಹೆಸರು, ಎಷ್ಟು ಎಂಜಿ, ಬ್ಯಾಚ್, ಎಕ್ಸ್‌ಪೈರಿ ಬರೆಯುತ್ತೇವೆ.

ನನಗೆ ಅತಿ ಹೆಚ್ಚು ಆತಂಕ ಇರುವುದು ಇನ್ಸುಲಿನ್ ಸಿರಿಂಜ್ ಬಗ್ಗೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ವಯಲ್ (ಇನ್ಸುಲಿನ್ನಿನ ಪುಟ್ಟ ಶೀಶೆ) ಎಂಎಲ್‌ಗೆ 40 ಯೂನಿಟ್‌ನದು. ಪೆನ್ನಿನ ಕಾರ್ಟ್ರಿಜ್‌ಗಳು, ಕೆಲವು ವಯಲ್‌ಗಳು 100 ಯೂನಿಟ್‌ನವು. 40ರ ಸಿರಿಂಜ್‌ಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 20ರ ಗೆರೆಯವರೆಗೆ ಎಳೆದರೆ ಅರ್ಧ ಎಂಎಲ್, ಅಂದರೆ 50 ಯೂನಿಟ್ ಮೈಗೆ ಹೋಗುತ್ತದೆ. ಜೀವಕ್ಕೇ ಅಪಾಯ. ಅದಲುಬದಲಾಗಿ 40ರ ಇನ್ಸುಲಿನ್ನನ್ನು ಕಿತ್ತಳೆ ಮುಚ್ಚಳದ ಸಿರಿಂಜ್‌ನಲ್ಲಿ ಎಳೆದರೆ 20ರ ಜಾಗದಲ್ಲಿ 8 ಯೂನಿಟ್ ಮಾತ್ರ. ಶುಗರ್ ಇಳಿಯುವುದಿಲ್ಲ, ಡಾಕ್ಟರು ಡೋಸ್ ಏರಿಸುತ್ತಾರೆ, ಮುಂದೆ ಸರಿಯಾದ ಸಿರಿಂಜ್ ಸಿಕ್ಕ ದಿನ ರೋಗಿ ಕುಸಿಯುತ್ತಾರೆ. ಹಾಗಾಗಿ ವಯಲ್ ಲೇಬಲ್ ಓದದೆ ಸಿರಿಂಜ್ ಕೊಡುವುದೇ ಇಲ್ಲ. ಬರೀ ಸಿರಿಂಜ್ ಕೇಳಿದರೆ ಮನೆಗೆ ಫೋನ್ ಮಾಡಿಸಿ ಲೇಬಲ್ ಓದಿಸುತ್ತೇವೆ.

ಫ್ರಿಜ್ 2ರಿಂದ 8 ಡಿಗ್ರಿ ಒಳಗಿರಬೇಕು. ಅತಿ ಕಡಿಮೆ, ಅತಿ ಹೆಚ್ಚು ಎರಡನ್ನೂ ದಾಖಲಿಸುವ ಥರ್ಮಾಮೀಟರ್ ಇಟ್ಟು, ಬೆಳಗ್ಗೆ ಸಂಜೆ ಬರೆದು, ರೀಸೆಟ್ ಮಾಡುತ್ತೇವೆ. ಆಗಿನ ಕ್ಷಣದ ತಾಪ ಮಾತ್ರ ನೋಡಿದರೆ ರಾತ್ರಿ ಕರೆಂಟ್ ಹೋಗಿದ್ದು ಗೊತ್ತಾಗುವುದಿಲ್ಲ. ಬಾಗಿಲಲ್ಲಿ, ಹಿಂಗೋಡೆಗೆ ತಾಗಿಸಿ ಇನ್ಸುಲಿನ್ ಇಡಬಾರದು. ಖಾಲಿ ಜಾಗದಲ್ಲಿ ನೀರಿನ ಬಾಟಲಿ ತುಂಬಿಟ್ಟರೆ ಕರೆಂಟ್ ಹೋದರೂ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ. ಬೇಸಿಗೆಯಲ್ಲಿ ನಾಗಮಂಗಲ, ಮಳವಳ್ಳಿ ಕಡೆ ಬಸ್ಸಿಗೆ ಹೋಗುವವರಿಗೆ ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ ಕೊಡುತ್ತೇವೆ. ಇನ್ಸುಲಿನ್ ನೇರವಾಗಿ ಐಸಿಗೆ ತಾಗಿ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ, ಕರಗಿದ ಮೇಲೆ ಕಣ್ಣಿಗೆ ಗೊತ್ತಾಗದೆಯೂ ಇರಬಹುದು. ಬ್ಯಾಗನ್ನು ಎಂಜಿನ್ ಹತ್ತಿರ ಇಡಬೇಡಿ ಎಂದೂ ಹೇಳುತ್ತೇವೆ.

ಮಕ್ಕಳ ಪ್ಯಾರಾಸಿಟಮಾಲ್‌ನಲ್ಲಿ ಡ್ರಾಪ್ಸ್ ಸಾಮಾನ್ಯವಾಗಿ ಒಂದು ಎಂಎಲ್‌ಗೆ 100 ಎಂಜಿ, ಸಿರಪ್ 5 ಎಂಎಲ್‌ಗೆ 125 ಅಥವಾ 250. ಡಾಕ್ಟರು 150 ಎಂಜಿ ಬರೆದಿದ್ದರೆ ಡ್ರಾಪ್ಸ್ ಒಂದೂವರೆ ಎಂಎಲ್, 125ರ ಸಿರಪ್ 6 ಎಂಎಲ್. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಹಾಕಿದರೆ ನಾಲ್ಕು ಪಟ್ಟು ಆಗುತ್ತದೆ. ಅಳತೆ ಮುಚ್ಚಳದ ಮೇಲೆ ಪೆನ್ನಿನಿಂದ ಗೆರೆ ಎಳೆದು ತಾಯಿಗೆ ತೋರಿಸುತ್ತೇವೆ.

ಸಂಧಿವಾತಕ್ಕೆ ಬರೆಯುವ ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಮಾತ್ರೆ. ದಿನಾ ನುಂಗಿದರೆ ಬಾಯಿ ಹುಣ್ಣಾಗುತ್ತದೆ, ರಕ್ತಕಣ ಕುಸಿದು ಸಾವೂ ಬರಬಹುದು. "ವಾರಕ್ಕೊಮ್ಮೆ" ಅಂತ ಬರೆದರೆ ಸಾಲದು, ಡಾಕ್ಟರು ಹೇಳಿದ ದಿನವನ್ನೇ "ಭಾನುವಾರ ಮಾತ್ರ" ಎಂದು ಕನ್ನಡದಲ್ಲಿ ದಪ್ಪಗೆ ಬರೆಯುತ್ತೇವೆ. ಜೊತೆಗೆ ಬರೆಯುವ ಫೋಲಿಕ್ ಆಸಿಡ್ ಬೇರೆ ಕವರ್‌ನಲ್ಲಿ.

ಮಾರಾಟಕ್ಕೆ ಹೆಚ್ಚು ಕಟ್ಟುನಿಟ್ಟು ಇರುವ ಸರ್ಕಾರಿ ಪಟ್ಟಿಯಾದ ಶೆಡ್ಯೂಲ್ ಎಚ್1ರ ಔಷಧಿಗಳಿಗೆ (ಸೆಫಿಕ್ಸಿಮ್, ಟ್ರಮಡಾಲ್, ಆಲ್‌ಪ್ರಜೋಲಾಮ್, ಕ್ಷಯದ ಮಾತ್ರೆಗಳು) 2014ರ ಮಾರ್ಚ್‌ನಿಂದ ಬೇರೆ ರಿಜಿಸ್ಟರ್ ಕಡ್ಡಾಯ. ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಪ್ರಮಾಣ ಬರೆದು ಮೂರು ವರ್ಷ ಇಡಬೇಕು. ರಾತ್ರಿ ಅಂಗಡಿ ಮುಚ್ಚುವಾಗ ಒಟ್ಟಿಗೆ ಬರೆಯೋಣ ಅಂದರೆ ಹೆಸರುಗಳು ಬಿಟ್ಟುಹೋಗುತ್ತವೆ. ಬಿಲ್ ಹರಿಯುವ ಮೊದಲೇ ಬರೆಯುತ್ತೇವೆ.

ಮಾತ್ರೆ ತಿಂದ ಮೇಲೆ ಮೈಮೇಲೆ ಗಂಧೆ ಎದ್ದಿತು, ತುಟಿ ಊದಿತು ಎಂದು ಯಾರಾದರೂ ಬಂದರೆ ಮೊದಲು ಆಸ್ಪತ್ರೆಗೆ ಕಳಿಸುತ್ತೇವೆ. ಆಮೇಲೆ ಬ್ಯಾಚ್ ನಂಬರ್, ಶುರು ಮಾಡಿದ ದಿನ, ಜೊತೆಗೆ ತೆಗೆದುಕೊಳ್ಳುತ್ತಿದ್ದ ಬೇರೆ ಔಷಧಿ ಎಲ್ಲ ಗುರುತು ಹಾಕಿಕೊಂಡು 1800-180-3024ಕ್ಕೆ ತಿಳಿಸುತ್ತೇವೆ. ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮದ ಉಚಿತ ಸಂಖ್ಯೆ ಅದು. ರೋಗಿಗಳೂ ನೇರವಾಗಿ ಕರೆ ಮಾಡಬಹುದು.