ಅಳಿಸಿದ ಫೋಲ್ಡರ್‌ನಾಗ ಸಿಕ್ಕೊಂಡ್ರ ಬ್ಯಾಕ್ ಒತ್ತಬ್ಯಾಡ್ರಿ

ವಿಂಡೋಸ್‌ನಾಗ ನೀವು ತೆರೆದಿಟ್ಟ ಫೋಲ್ಡರನ್ನ ಯಾರೋ ಡಿಲೀಟ್ ಮಾಡಿ, ಆ ಜಾಗ ಸಿಗವಲ್ದು ಅಂತ ಎರರ್ ಬಂದ್ರ, ಆಲ್ಟ್ ಹಿಡಿದು ಡಿ ಒತ್ರಿ. ಮ್ಯಾಲಿನ ಅಡ್ರೆಸ್ ಬಾರ್‌ನಾಗ ಕೊನೇ ಹೆಸರಷ್ಟೇ ಅಳಿಸಿ ಎಂಟರ್ ಕೊಡ್ರಿ. ‘ಡಿ:\ರೈಸ್‌ಮಿಲ್\ಗಂಗಾವತಿ\ಮಾರ್ಚ್’ ಇದ್ರ ‘ಮಾರ್ಚ್’ ತೆಗೀರಿ, ಗಂಗಾವತಿ ಫೋಲ್ಡರ್ ತೆರೀತದ. ಬ್ಯಾಕ್ ಬಾಣ ನೀವು ಓಡಾಡಿದ ಹೆಜ್ಜೆ ಹಿಡಿದು ಹೋಗ್ತದ, ಅದರಾಗ ಅಳಿಸಿದ ಜಾಗಾನೂ ಇರ್ತದ. ಅಡ್ರೆಸ್ ಆದ್ರ ಈಗ ಡಿಸ್ಕಿನ್ಯಾಗ ಇರೋದನ್ನೇ ಹುಡುಕ್ತದ. ಗಂಗಾವತಿನೂ ಹೋಗಿದ್ರ ಇನ್ನೊಂದು ಹೆಸರು ತೆಗೀರಿ. ಪೆನ್‌ಡ್ರೈವ್ ಕಿತ್ತು ಮತ್ತ ಹಾಕಿದಾಗ ಅದರ ಡ್ರೈವ್ ಅಕ್ಷರ ಇ ಇದ್ದದ್ದು ಎಫ್ ಆಗಿದ್ರ ಈ ಉಪಾಯ ನಡೆಯಂಗಿಲ್ಲ, ದಿಸ್ ಪಿಸಿಯಿಂದಲೇ ಹೊಸದಾಗಿ ಹೋಗ್ರಿ. ಎಡಗಡೆ ಕ್ವಿಕ್ ಆಕ್ಸೆಸ್‌ನಾಗ ಸತ್ತ ಹೆಸರು ಹಂಗೇ ಕುಂತಿದ್ರ ರೈಟ್ ಕ್ಲಿಕ್ ಮಾಡಿ ಅನ್‌ಪಿನ್ ಮಾಡ್ರಿ. ಅದಕ್ಕೂ ಮೊದಲು ರೀಸೈಕಲ್ ಬಿನ್ ನೋಡ್ರಿ, ರಿಸ್ಟೋರ್ ಕೊಟ್ರ ಫೋಲ್ಡರ್ ಹಳೇ ಜಾಗಕ್ಕೇ ಬರ್ತದ. ಆದ್ರ ನಾಕು ಮಂದಿ ಒಂದೇ ಶೇರ್ ಫೋಲ್ಡರ್ ಬಳಸೋ ಡಿಟಿಪಿ ಅಂಗಡಿಯವರೇ, ಹುಷಾರು: ಬೇರೆ ಸಿಸ್ಟಮಿಂದ, ನೆಟ್‌ವರ್ಕ್ ಮ್ಯಾಲೆ ಅಳಿಸಿದ್ದು ಸಾಮಾನ್ಯವಾಗಿ ಬಿನ್‌ಗೆ ಬರಂಗಿಲ್ಲ. ಪೆನ್‌ಡ್ರೈವಿಂದ ಅಳಿಸಿದ್ದೂ ಅಷ್ಟೇ.