ಪರದೆ ಮಬ್ಬಾಗಿ ಅನುಮತಿ ಕೇಳಿದರೆ ಏನು ಮಾಡಬೇಕು?

ಅಡಿಕೆ ಕೊಯ್ಲಿನ ಹೊತ್ತಿಗೆ ತೀರ್ಥಹಳ್ಳಿ ಕಡೆಯ ನೆಂಟರ ಮನೆಗೆ ಹೋಗಿದ್ದೆ. ತೋಟದ ಲೆಕ್ಕ ಇಡುವ ಕಂಪ್ಯೂಟರಿನ ಪರದೆ ಇದ್ದಕ್ಕಿದ್ದಂತೆ ಮಬ್ಬಾಗಿ, ನಡುವೆ ಒಂದು ಪೆಟ್ಟಿಗೆ ಬಂತು. ಓದುವ ಮೊದಲೇ ಮನೆಯ ಹುಡುಗ ‘ಯೆಸ್’ ಒತ್ತಿಬಿಟ್ಟಿದ್ದ. ಅದು ಏನು ಕೇಳಿತು ಎಂದು ವಿಚಾರಿಸಿದರೆ, ‘ಅದು ಯಾವಾಗ್ಲೂ ಕೇಳುತ್ತೆ’ ಎಂದ. ಉಣುಗೋಲು ಸರಿಸುವ ಮುಂಚೆ ಬಂದವರು ಯಾರೆಂದು ನೋಡುವ ಮನೆ ಅದು. ನನಗೆ ನಿಜಕ್ಕೂ ಕಳವಳವಾಯಿತು.

ವಿಂಡೋಸ್‌ನಲ್ಲಿ ಈ ಪೆಟ್ಟಿಗೆ 2007ರಲ್ಲಿ ವಿಸ್ಟಾ ಜೊತೆ ಮನೆಮನೆಗೆ ಬಂತು. ಹೆಸರು ಯೂಸರ್ ಅಕೌಂಟ್ ಕಂಟ್ರೋಲ್. ಯಾವುದೋ ಪ್ರೋಗ್ರಾಂ ಇಡೀ ಕಂಪ್ಯೂಟರನ್ನೇ ಬದಲಿಸುವ ಅಧಿಕಾರ ಕೇಳುತ್ತಿದೆ ಎಂದು ಅರ್ಥ. ಪರದೆ ಮಬ್ಬಾಗುವುದು ಬೇಕೆಂದೇ: ಆ ಹೊತ್ತಿನಲ್ಲಿ ಬೇರೆ ಪ್ರೋಗ್ರಾಂಗಳು ನಿಮ್ಮ ಪರವಾಗಿ ‘ಯೆಸ್’ ಒತ್ತಲಾಗದಂತೆ ತಡೆಯುವ ಏರ್ಪಾಡು ಅದು.

ಮೊದಲು ಮೌಸಿನಿಂದ ಕೈ ತೆಗೆಯಿರಿ. ಈಗಷ್ಟೇ ನಾನೇ ಏನಾದರೂ ಶುರು ಮಾಡಿದೆನಾ ಎಂದು ಕೇಳಿಕೊಳ್ಳಿ. ನುಡಿ ತಂತ್ರಾಂಶ ಹಾಕಿಕೊಳ್ಳಲು ಹೊರಟಿದ್ದರೆ ಪೆಟ್ಟಿಗೆ ಬರುವುದು ಸಹಜ. ಸುಮ್ಮನೆ ಅಡಿಕೆ ಧಾರಣೆ ನೋಡುತ್ತಿದ್ದಾಗ ಬಂದರೆ ‘ನೋ’ ಒತ್ತಿ. ಏನೂ ಕೆಡುವುದಿಲ್ಲ, ಬೇಕಾದದ್ದೇ ಆಗಿದ್ದರೆ ಮತ್ತೆ ಶುರು ಮಾಡಬಹುದು.

ಆಮೇಲೆ ಪಬ್ಲಿಷರ್ ಎಂಬ ಸಾಲು ಓದಿ. ‘ವೆರಿಫೈಡ್’ ಎಂದಿದ್ದು ಹೆಸರೂ ಇದ್ದರೆ, ಅದು ನೀವು ನಿರೀಕ್ಷಿಸಿದ ಕಂಪನಿಯೇ ನೋಡಿ. ಈ ಗುರುತು ಫೈಲಿಗೆ ಸಹಿ ಹಾಕಿದವರು ಯಾರು ಎಂದಷ್ಟೇ ಹೇಳುತ್ತದೆ, ಅವರು ಒಳ್ಳೆಯವರು ಎಂದಲ್ಲ. ಹಳದಿ ಪಟ್ಟಿಯ ಜೊತೆ ‘ಅನ್‌ನೋನ್’ ಎಂದಿದ್ದರೆ ಫೈಲು ಎಲ್ಲಿಂದ ಬಂತೆಂದು ಖಾತ್ರಿಯಾಗುವವರೆಗೆ ಮುಂದುವರಿಯಬೇಡಿ. ‘ಶೋ ಮೋರ್ ಡೀಟೇಲ್ಸ್’ ಒತ್ತಿದರೆ ಪ್ರೋಗ್ರಾಂ ಯಾವ ಫೋಲ್ಡರಿನಲ್ಲಿದೆ ಎಂಬುದೂ ಸಿಗುತ್ತದೆ. ಕೆಂಪು ಬಂದರೆ ವಿಂಡೋಸ್ ತಾನೇ ತಡೆದಿದೆ, ಅಲ್ಲಿಗೆ ಬಿಟ್ಟುಬಿಡಿ.

ನೀಲಿ-ಹಳದಿ ಗುರಾಣಿಯ ಚಿತ್ರ ಇನ್ನೊಂದು ಸೂಚನೆ: ಅದಿರುವುದನ್ನು ಒತ್ತಿದರೆ ಈ ಪೆಟ್ಟಿಗೆ ಬರಬಹುದು. ಹೊಸ ಕನ್ನಡ ಫಾಂಟಿನ ಮೇಲೆ ರೈಟ್ ಕ್ಲಿಕ್ ಮಾಡಿ: ಬರೀ ‘ಇನ್‌ಸ್ಟಾಲ್’ಗೆ ಗುರಾಣಿಯಿಲ್ಲ, ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ಗೆ ಇದೆ. ಎಲ್ಲರ ಖಾತೆಗೂ ತಟ್ಟುವ ಕೆಲಸಕ್ಕೆ ಅಡ್ಮಿನ್, ಅಂದರೆ ಇಡೀ ಕಂಪ್ಯೂಟರನ್ನು ಬದಲಿಸುವ ಅಧಿಕಾರವಿರುವ ಖಾತೆಯ, ಒಪ್ಪಿಗೆ ಬೇಕು. ಗಡಿಯಾರದ ಪಕ್ಕದ ಗುರಾಣಿ ಬೇರೆಯದು, ಅದು ವೈರಸ್ ಕಾವಲಿನದ್ದು. ಅಲ್ಲಿ ಹಸಿರು ಟಿಕ್ ಇದ್ದರೆ ಸರಿ, ಹಳದಿಯೋ ಕೆಂಪೋ ಕಂಡರೆ ತೆರೆದು ಓದಿ.

ಪದೇ ಪದೇ ಕೇಳುತ್ತದೆಂದು ಈ ಅನುಮತಿ ಪೆಟ್ಟಿಗೆಯನ್ನು ‘ನೆವರ್ ನೋಟಿಫೈ’ಗೆ, ಅಂದರೆ ಎಂದೂ ಕೇಳದಂತೆ, ಇಳಿಸುವವರಿದ್ದಾರೆ. ದಯವಿಟ್ಟು ಬೇಡ. ಬದಲಿಗೆ ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ಪಾಸ್‌ವರ್ಡ್ ಇರುವ ಪ್ರತ್ಯೇಕ ಅಡ್ಮಿನ್ ಖಾತೆ ಮಾಡಿ. ಅದರಲ್ಲಿ ಒಮ್ಮೆ ಲಾಗಿನ್ ಆಗಿ ಪರೀಕ್ಷಿಸಿದ ಮೇಲೆಯೇ ದಿನಬಳಕೆಯ ಖಾತೆಯನ್ನು ‘ಸ್ಟ್ಯಾಂಡರ್ಡ್ ಯೂಸರ್’ ಮಾಡಿ. ಆಗ ಪೆಟ್ಟಿಗೆ ಬರೀ ‘ಯೆಸ್’ಗೆ ಒಪ್ಪುವುದಿಲ್ಲ, ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ.

ನೆಂಟರ ಮನೆಯಲ್ಲಿ ಅಂದೇ ಹಾಗೆ ಮಾಡಿ ಬಂದೆ. ಪಾಸ್‌ವರ್ಡ್ ಈಗ ಅತ್ತೆಯ ಬಳಿ ಇದೆ. ಹುಡುಗ ಕೇಳಲು ಹೋದರೆ ಅವರು ಮೊದಲು ಅನ್ನುವುದು, ‘ಯಾವುದಕ್ಕೆ?’